ದೋಷವೆಲ್ಲ ತಾಯಿಯ ಕಡೆಯದೇ?

ನಮ್ಮ ತುಳುನಾಡಿನಲ್ಲಿ ಮದುವೆಯ ಮಾತು ಎತ್ತುವ ಮುನ್ನ ಬರಿ ಯಾವುದೆಂದು ವಿಚಾರಿಸುವುದು ವಾಡಿಕೆ. ಅಳಿಯಕಟ್ಟಿನ ಕುಟುಂಬಗಳಲ್ಲಿ ಬರಿ ಬರುವುದು ತಾಯಿಯಿಂದ. ಒಂದೇ ಬರಿಯವರೊಳಗೆ ಸಂಬಂಧ ಕೂಡದು. ಆಸ್ತಿಯ ಮಟ್ಟಿಗೆ ಈ ಕಟ್ಟು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಸಡಿಲವಾದರೂ, ವಂಶವೆಂದರೆ ತಾಯಿಯ ಕಡೆ ಎಂಬ ಭಾವನೆ ಉಳಿದೇ ಇದೆ. ಇದರಲ್ಲಿ ಹೆಣ್ಣಿಗೆ ಗೌರವವುಂಟು, ನಿಜ. ಆದರೆ ಹುಡುಗಿಯೊಬ್ಬಳ ಮುಟ್ಟು ಕ್ರಮ ತಪ್ಪಿ, ಮುಖದಲ್ಲಿ ರೋಮ ಕಾಣಿಸಿಕೊಂಡಾಗ, "ಅವಳ ತಾಯಿಯ ಕಡೆಯವರದ್ದೇ ಹಾಗೆ" ಎಂಬ ಮಾತೂ ಅದೇ ಭಾವನೆಯಿಂದ ಹುಟ್ಟುತ್ತದೆ. ಈ ಮಾತು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ವೈದ್ಯರು ಪಿ.ಸಿ.ಓ.ಎಸ್. ಎನ್ನುವ ಈ ತೊಂದರೆಯನ್ನು 1935ರಲ್ಲಿ ಚಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬವರು 7 ಮಂದಿ ಸ್ತ್ರೀಯರಲ್ಲಿ ಗುರುತಿಸಿ ವರ್ಣಿಸಿದರು. ಅಂಡಾಶಯದಲ್ಲಿ ಗುಳ್ಳೆಗಳಂತೆ ಕಾಣುವುವು ಬೆಳವಣಿಗೆ ಅರ್ಧಕ್ಕೆ ನಿಂತ ಅಂಡದ ಕಿರುಚೀಲಗಳು. ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನು ಇಲ್ಲಿ ಮಿತಿಮೀರುತ್ತದೆ. ಹಲವರಲ್ಲಿ ಇನ್ಸುಲಿನ್ನೂ ಸರಿಯಾಗಿ ಕೆಲಸ ಮಾಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 10ರಿಂದ 13 ಮಂದಿಗೆ ಇದು ಇರುತ್ತದೆ. ಆ ಲೆಕ್ಕದಲ್ಲಿ 50 ಮಂದಿ ವಿದ್ಯಾರ್ಥಿನಿಯರಿರುವಲ್ಲಿ ಐದಾರು ಮಂದಿ!

ಇದು ವಂಶದಲ್ಲಿ ಹರಿದು ಬರುವುದೆಂಬುದು ಸುಳ್ಳಲ್ಲ. 2006ರಲ್ಲಿ ನೆದರ್ಲೆಂಡಿನ ಅವಳಿಗಳನ್ನು ಪರೀಕ್ಷಿಸಿದವರು, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೇ ದೊಡ್ಡದೆಂದು ಕಂಡರು. 2011ರಲ್ಲಿ ಚೀನದ ವಿಜ್ಞಾನಿಗಳು ಇದಕ್ಕೆ ಸಂಬಂಧಿಸಿದ 3 ವಂಶವಾಹಿ ತಾಣಗಳನ್ನು ಗುರುತಿಸಿದರು. 2018ರಲ್ಲಿ ಯುರೋಪು ಮೂಲದ 10,000ಕ್ಕೂ ಮಿಕ್ಕ ರೋಗಿಗಳ ಅಧ್ಯಯನದಲ್ಲಿ ಇಂತಹ 14 ತಾಣಗಳು ಕಂಡುಬಂದುವು. ಒಂದೊಂದರ ಪ್ರಭಾವವೂ ಅತ್ಯಲ್ಪ. ಹಲವು ಕೂಡಿದಾಗ ಮಾತ್ರ ಅಪಾಯ ಹೆಚ್ಚುತ್ತದೆ. ಹನಿ ಹನಿ ಕೂಡಿ ಹಳ್ಳವಾದಂತೆ.

ಈ ಹನಿಗಳು ಬರುವುದೆಲ್ಲಿಂದ? ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ವಂಶವಾಹಿಗಳಿಗೆ ಅಳಿಯಕಟ್ಟೂ ತಿಳಿಯದು, ಮಕ್ಕಳಕಟ್ಟೂ ತಿಳಿಯದು. ಅಂಡಾಶಯವಿಲ್ಲದ ಗಂಡಸು ಅವನ್ನು ಹೊತ್ತಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ. 2018ರ ಅದೇ ಅಧ್ಯಯನವು ಈ ತೊಂದರೆಗೂ ಗಂಡಸರ ಬೊಕ್ಕತಲೆಗೂ ವಂಶವಾಹಿಗಳ ನಂಟಿದೆಯೆಂದು ತೋರಿಸಿತು. ಹೆಣ್ಣು ನೋಡಲು ಬಂದವರು ಹುಡುಗಿಯ ಗಲ್ಲದ ರೋಮವನ್ನು ಎಣಿಸುವರೇ ಹೊರತು, ಭಾವೀ ಮಾವನ ತಲೆಯನ್ನು ನೋಡಿ ಎದ್ದು ಹೋದವರನ್ನು ನಾನು ಕಾಣೆ!

ಹಾಗಾದರೆ ರಕ್ತ ಪರೀಕ್ಷಿಸಿಯೇ ಸಂಬಂಧ ಬೆಳೆಸೋಣವೆಂದು ಯಾರಾದರೂ ಹೇಳಿಯಾರು. ಅದೂ ಸಲ್ಲದು. ಇಂತಹವಳಿಗೆ ಬರುವುದೆಂದು ಖಚಿತವಾಗಿ ಹೇಳಬಲ್ಲ ವಂಶವಾಹಿ ಪರೀಕ್ಷೆ ಇಲ್ಲ. ಮೇಲೆ ಹೇಳಿದ ಅಧ್ಯಯನಗಳು ಚೀನ, ಯುರೋಪುಗಳ ಜನರನ್ನು ಕುರಿತವು; ಅವುಗಳ ಲೆಕ್ಕವನ್ನು ಕಾಪುವಿನ ಮೊಗವೀರರ ಮನೆಗೋ ಕಾರ್ಕಳದ ಬೇಸಾಯಗಾರನ ಮನೆಗೋ ಹಾಗೆಯೇ ಅನ್ವಯಿಸಲಾಗದು. ವಂಶವಾಹಿ ಹಣೆಬರಹವಲ್ಲ. ಊಟ, ನಡಿಗೆ, ನಿದ್ದೆ, ದೇಹದ ತೂಕ ಇವೂ ತೊಂದರೆಯನ್ನು ಏರಿಸಬಲ್ಲುವು, ಇಳಿಸಬಲ್ಲುವು. ಔಷಧವಿದೆ, ಸರಿಯಾದ ಚಿಕಿತ್ಸೆಯಿಂದ ಇವರಲ್ಲಿ ಹೆಚ್ಚಿನವರು ತಾಯಂದಿರಾಗಬಲ್ಲರು.

ಮನೆತನದ ಆರೋಗ್ಯವನ್ನು ವಿಚಾರಿಸಬೇಕಾದುದು ಹುಡುಗಿಯನ್ನು ತಿರಸ್ಕರಿಸಲಿಕ್ಕಲ್ಲ, ಅವಳನ್ನು ಕಾಪಾಡಲಿಕ್ಕೆ. ತಾಯಿಗೋ ಅಕ್ಕನಿಗೋ ಈ ತೊಂದರೆಯಿದ್ದರೆ, ತಂದೆಗೋ ಅಜ್ಜನಿಗೋ ಸಕ್ಕರೆ ಕಾಯಿಲೆಯಿದ್ದರೆ, ವೈದ್ಯರಿಗೆ ಅದನ್ನು ಹೇಳಲೇಬೇಕು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ. ಉಡುಪಿಯಲ್ಲಿ ಸರಕಾರಿ ಆಸ್ಪತ್ರೆಯಿದೆ. ಕಾಪುವಿನಿಂದಾಗಲಿ ಕಾರ್ಕಳದಿಂದಾಗಲಿ ಬಸ್ಸು ಹತ್ತಿದರೆ ದಾರಿ ದೂರವೇನಲ್ಲ. ದೂರವಾಗಿರುವುದು "ಯಾರಾದರೂ ಕಂಡರೆ?" ಎಂಬ ಅಂಜಿಕೆಯಿಂದ. ಆ ಅಂಜಿಕೆಯನ್ನು ಹುಟ್ಟಿಸಿದವರು ನಾವು, ಅಳಿಸಬೇಕಾದವರೂ ನಾವೇ. ಸಹಪಾಠಿ ಸೋದರರು ಇದು ಹೆಂಗಸರ ವಿಷಯವೆಂದು ಪುಟ ತಿರುವದಿರಲಿ. ನಾಳೆ ಹೆಣ್ಣು ನೋಡಲು ಹೋಗುವವರು ನೀವೇ; ನಾಡಿದ್ದು ಹೆಣ್ಣುಮಕ್ಕಳ ತಂದೆಯಾಗುವವರೂ ನೀವೇ.