ಡೆಂಗಿ ಕಿಟ್‌ಗೆ ಸರ್ಕಾರ ದುಡ್ಡು ಹಾಕಲಿ

ನಾನು ಸವಳಂಗದಲ್ಲಿ ಮೆಡಿಕಲ್ ಶಾಪ್ ನಡೆಸುವವನು. ಮಳೆಗಾಲ ಹಿಡಿಯಿತೆಂದರೆ ಗಿರಾಕಿಗಳದು ಒಂದೇ ಮಾತು: ‘ಅಣ್ಣಾ, ಜ್ವರ, ಮೈಕೈ ನೋವು, ಒಂದು ಸ್ಟ್ರಾಂಗ್ ಮಾತ್ರೆ ಕೊಡು.’ ಅವರು ಸ್ಟ್ರಾಂಗ್ ಎನ್ನುವುದು ಡೈಕ್ಲೋಫೆನಾಕ್‌ಗೆ. ಬಂದಿರುವುದು ಡೆಂಗಿಯಾಗಿದ್ದರೆ ಅದೇ ಮಾತ್ರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು ‘ರಕ್ತ ಪರೀಕ್ಷೆ ಮಾಡಿಸಿ’ ಎನ್ನುತ್ತೇನೆ. ಕೂಲಿ ಬಿಟ್ಟು ಶಿವಮೊಗ್ಗಕ್ಕೆ ಯಾರು ಹೋಗುತ್ತಾರೆ? ಎನ್‌ಎಸ್1 ಪರೀಕ್ಷೆಯಲ್ಲಿ ಡೆಂಗಿ ಚೆನ್ನಾಗಿ ಸಿಕ್ಕಿಬೀಳುವುದು ಜ್ವರದ ಮೊದಲ ಐದು ದಿನಗಳಲ್ಲಿ. ಆ ದಿನಗಳೆಲ್ಲ ಮಾತ್ರೆ ನುಂಗುವುದರಲ್ಲೇ ಹೋಗುತ್ತವೆ.

2024ರಲ್ಲಿ ಡೆಂಗಿ ಏರಿದಾಗ ರಾಜ್ಯ ಸರ್ಕಾರ ಪರೀಕ್ಷೆಯ ದರಕ್ಕೆ ಮಿತಿ ಹಾಕಿತು, ಒಳ್ಳೆಯದೇ. ಆದರೆ ಲ್ಯಾಬಿನ ಬಾಗಿಲು ಮುಟ್ಟಿದವರಿಗಷ್ಟೇ ಅದರ ಲಾಭ. ನಮಗೆ ಬೇಕಿರುವುದು ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಡೆಂಗಿ ಕಿಟ್.

‘ಹಳ್ಳಿಯವರ ಕೈಗೆ ಕಿಟ್ ಕೊಟ್ಟರೆ ಕೆಟ್ಟಿತು’ ಅನ್ನುವವರಿದ್ದಾರೆ. ಗರ್ಭ ಪರೀಕ್ಷೆಯ ಪಟ್ಟಿಯನ್ನು ಇದೇ ಹಳ್ಳಿಯ ಹೆಣ್ಣುಮಕ್ಕಳು ಎಷ್ಟು ವರ್ಷದಿಂದ ಓದುತ್ತಿಲ್ಲ? 2021ರ ಮೇ ತಿಂಗಳಲ್ಲಿ ಐಸಿಎಂಆರ್ ಪುಣೆಯ ಮೈಲ್ಯಾಬ್‌ನ ಕೋವಿಸೆಲ್ಫ್ ಎಂಬ, ಮನೆಯಲ್ಲೇ ಮಾಡಿಕೊಳ್ಳುವ ಕೊರೊನಾ ಪರೀಕ್ಷೆಯ ಕಿಟ್‌ಗೆ ಒಪ್ಪಿಗೆ ಕೊಟ್ಟಿತು. ಆಗ ಅದರ ಬೆಲೆ 250 ರೂಪಾಯಿ, ಹದಿನೈದು ನಿಮಿಷದಲ್ಲಿ ಉತ್ತರ. ಫಲಿತಾಂಶವನ್ನು ಆ್ಯಪ್‌ಗೆ ಹಾಕಬೇಕೆಂಬ ನಿಯಮವೂ ಇತ್ತು. ಕೀಪ್ಯಾಡ್ ಫೋನಿನವರನ್ನು ನೆನೆಯದೆ ಮಾಡಿದ ನಿಯಮವದು.

ಡೆಂಗಿ ಪತ್ತೆಹಚ್ಚುವ ಕಾರ್ಡ್ ಲ್ಯಾಬ್‌ಗಳಲ್ಲಿ ಈಗಲೂ ಇದೆ. ಅದನ್ನು ಮನೆಗೆ ತರುವುದೇ ಕಷ್ಟದ ಕೆಲಸ. ಮೂಗಿನ ಕಡ್ಡಿಯಲ್ಲ, ರಕ್ತ ಬೇಕು. ಅಡಿಕೆ ಸುಲಿದು, ಕಳೆ ಕಿತ್ತು ಗಟ್ಟಿಯಾದ ಬೆರಳಿಗೆ ಸೂಜಿ ಎಷ್ಟು ಆಳ ಇಳಿಯಬೇಕು? ರಕ್ತ ಕಡಿಮೆ ಬಿದ್ದರೆ ಕಾರ್ಡ್ ಏನು ಹೇಳುತ್ತದೆ? ಮಸುಕು ಗೆರೆಯನ್ನು ಸೀಮೆಎಣ್ಣೆ ದೀಪದಂಥ ಮಂದ ಬೆಳಕಲ್ಲಿ ಅಜ್ಜಿ ಹೇಗೆ ಓದಬೇಕು? ಇದನ್ನೆಲ್ಲ ನಮ್ಮಂಥ ಊರಿನಲ್ಲೇ, ತರಬೇತಿಯಿಲ್ಲದವರ ಕೈಯಲ್ಲೇ ಪರೀಕ್ಷಿಸಬೇಕು. ದುಡ್ಡು ಬೇಕಾಗುವುದು ಇಲ್ಲಿಗೆ. ವರ್ಷದಲ್ಲಿ ನಾಲ್ಕು ತಿಂಗಳು, ಅದೂ ಬಡವರಿಗೆ ಮಾರಾಟವಾಗುವ ಸರಕಿಗೆ ಕಂಪನಿ ತಾನಾಗಿ ಬಂಡವಾಳ ಹಾಕುವುದು ಅನುಮಾನ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2020ರ ಏಪ್ರಿಲ್‌ನಲ್ಲಿ ಕೊರೊನಾ ಪರೀಕ್ಷೆಗಳನ್ನು ಬೇಗ ಹೊರತರಲೆಂದೇ 150 ಕೋಟಿ ಡಾಲರ್ ತೆಗೆದಿಟ್ಟಿತ್ತು. ನಮ್ಮಲ್ಲಿ ಬುದ್ಧಿಗೆ ಬರವಿಲ್ಲ. ಟಿಬಿ ಪತ್ತೆಹಚ್ಚುವ ಟ್ರೂನಾಟ್ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲೇ ರೂಪುಗೊಂಡಿದ್ದು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರಾಕ್ ಸಂಶೋಧನೆಗೆ ಅನುದಾನ ಕೊಡುತ್ತದೆ. ರಾಜ್ಯ ಅದಕ್ಕೆ ಕೈಜೋಡಿಸಿ, ಮೂರು ಮಳೆಗಾಲಕ್ಕೆ ಇಷ್ಟು ಕಿಟ್ ಕೊಳ್ಳುತ್ತೇವೆ ಎಂದು ಮೊದಲೇ ಬರೆದುಕೊಡಲಿ.

ನೆಗೆಟಿವ್ ಬಂದರೂ ಡೆಂಗಿ ಇರಬಹುದು, ನಿಜ. ಹಾಗಾಗಿ ಕಿಟ್ಟಿನ ಡಬ್ಬಿ ಮೇಲೆ ‘ಜ್ವರ ಇಳಿದ ಮೇಲೆ ಹೊಟ್ಟೆನೋವು, ವಾಂತಿ, ರಕ್ತ ಕಂಡರೆ ಆಸ್ಪತ್ರೆಗೆ ಓಡಿ’ ಎಂದು ದಪ್ಪ ಕನ್ನಡದಲ್ಲಿ ಅಚ್ಚಾಗಬೇಕು, ಬೆಲೆಗಿಂತ ಮೇಲೆ.