ಆ ರೀಟೇಕ್ ಸಿಗದೇ ಹೋಗಿದ್ದರೆ? (ಹೀಗಾಗಿದ್ದರೆ ಸೀರೀಸ್, ಭಾಗ 4)

ಕಾಲದಲ್ಲಿ ಹಿಂದೆ ಮುಂದೆ ಓಡಾಡೋ ಬ್ರಿಟಿಷ್ ಸೀರಿಯಲ್ 'ಡಾಕ್ಟರ್ ಹೂ' ಗೊತ್ತಲ್ವಾ? ಅದರ ಫ್ಯಾನ್‌ಗಳು ಬೇರೆ ಇತಿಹಾಸ ಕಟ್ಟೋಕೆ ಕೂತರೆ ಒಂದೇ ಪ್ರಶ್ನೆ: ಡಾಕ್ಟರ್ ಪಾತ್ರ ಇನ್ಯಾರೋ ಮಾಡಿದ್ದರೆ? ನನಗಂತೂ ಬೋರ್. ಅಲ್ಲಿ ನಟರು ಬದಲಾಗೋದು ಮಾಮೂಲಿ. ನಿಜವಾದ ತಿರುವು ಇರೋದು 1963ರಲ್ಲಿ, ಲಂಡನ್ನಿನ ಬಿಬಿಸಿ ಸ್ಟುಡಿಯೋದಲ್ಲಿ.

ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27. ನಿರ್ದೇಶಕ ವಾರಿಸ್ ಹುಸೇನ್‌ಗೆ 24 (ಹುಟ್ಟಿದ್ದು ನಮ್ಮ ಲಕ್ನೋದಲ್ಲಿ, ಗೊತ್ತಿತ್ತಾ?). ಅವರು ತೆಗೆದ ಮೊದಲ ಎಪಿಸೋಡ್‌ನಲ್ಲಿ ಕಾಲಯಂತ್ರ ಟಾರ್ಡಿಸ್‌ನ ಬಾಗಿಲೇ ಸರಿಯಾಗಿ ಮುಚ್ಚಲಿಲ್ಲ. ಡಾಕ್ಟರ್ ಬೇರೆ ತೀರಾ ಸಿಡುಕ. ಡ್ರಾಮಾ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್‌ಗೆ ಹಿಡಿಸಲೇ ಇಲ್ಲ. ಆದರೂ ಇಬ್ಬರನ್ನೂ ಮನೆಗೆ ಕಳಿಸಲಿಲ್ಲ, ಪೂರ್ತಿ ಮತ್ತೆ ತೆಗೀರಿ ಅಂದ್ರು.

ಹಾಗೆ ಅನ್ನಲಿಲ್ಲ ಅಂದ್ಕೊಳ್ಳಿ. ಡಾಲೆಕ್‌ಗಳಿಲ್ಲ. 1966ರಲ್ಲಿ ವಿಲಿಯಂ ಹಾರ್ಟ್‌ನೆಲ್ ಬಿಟ್ಟಾಗ ಅದೇ ಡಾಕ್ಟರ್‌ಗೆ ಹೊಸ ಮುಖ ಕೊಡೋ ಐಡಿಯಾನೂ ಇಲ್ಲ. 1989ರಲ್ಲಿ ನಿಂತಿದ್ದು 2005ರಲ್ಲಿ ಮತ್ತೆ ಶುರುವಾಗೋ ಮಾತಂತೂ ದೂರ.

ರೀಟೇಕ್ ಆದ ಎಪಿಸೋಡ್ ಬಂದಿದ್ದು ನವೆಂಬರ್ 23ಕ್ಕೆ, ಕೆನಡಿ ಹತ್ಯೆಯ ಮರುದಿನ! ಮುಂದಿನ ಶನಿವಾರ ಎರಡನೇ ಎಪಿಸೋಡ್‌ಗೂ ಮುಂಚೆ ಮೊದಲನೆಯದನ್ನೇ ಇನ್ನೊಮ್ಮೆ ಹಾಕಿದ್ರು. ಚಾನ್ಸ್ ಮೇಲೆ ಚಾನ್ಸ್.

ನಾವೋ, ಕ್ಲಾಸಲ್ಲಿ ಯಾರದ್ದಾದ್ರೂ ಮೊದಲ ಸೆಮಿನಾರ್ ಕೆಟ್ಟರೆ 'ನಿಂಗೆ ಸ್ಟೇಜ್ ಆಗಲ್ಲ ಬಿಡು' ಅಂತ ಗ್ರೂಪಿಂದಲೇ ಹೊರಗಿಡ್ತೀವಿ. ಆ 24ರ ಹುಡುಗನೂ ನಮ್ಮ ಗ್ರೂಪಲ್ಲಿ ಇದ್ದಿದ್ರೆ ಉಳೀತಿದ್ನಾ? ನೀವೇ ಹೇಳಿ, ಕಾಮೆಂಟ್‌ನಲ್ಲಿ ಜಗಳಕ್ಕೆ ರೆಡಿ.