ಶಾಸನಕ್ಕ ಬಣ್ಣ ಬಳಿಯೂದು ಬಿಡ್ರಿ, ಮಕ್ಕಳ ಕೈಗೆ ಹಾಳಿ ಕೊಡ್ರಿ

ಸುದ್ದಿಗೆಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಿಗೆ ಹೋದಾಗೆಲ್ಲ ನಾವು ಒಂದು ಕೆಲಸ ನೋಡುತ್ತೇವೆ, ನೋಡಿ ಹೊಟ್ಟೆ ಉರಿಯುತ್ತದೆ. ಗುಡಿ ಮುಂದೆ ಶಾಸನದ ಕಲ್ಲು ಇರುತ್ತದೆ. ಜಾತ್ರೆ ಬಂತೆಂದರೆ ಅದಕ್ಕೆ ಮೈತುಂಬ ಆಯಿಲ್ ಪೇಂಟ್. ಇಲ್ಲವೇ ಸುಣ್ಣ. ಭಕ್ತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ ಪೇಂಟು ಅಕ್ಷರದ ಕುಳಿಯೊಳಗೆ ಇಳಿದು ಗಟ್ಟಿಯಾಗುತ್ತದೆ. ನಾಲ್ಕು ಜಾತ್ರೆ ಆದ ಮೇಲೆ ಅಲ್ಲಿ ಅಕ್ಷರ ಇತ್ತೆಂದು ಹೇಳಿದರೂ ಯಾರೂ ನಂಬುವುದಿಲ್ಲ.

ಇದು ಎಂಥ ನೆಲ ಎಂಬುದು ನೆನಪಿರಲಿ. ಒಂಬತ್ತನೇ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆ ಎಂದು ಎಣಿಸಿದ ನಾಲ್ಕು ಊರುಗಳಲ್ಲಿ ಕೊಪಣ ಒಂದು. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಬ್ರಾಹ್ಮಿ ಲಿಪಿಯ ಶಾಸನಗಳಿವೆ. ಕುಕನೂರು ಹತ್ತಿರದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಇಷ್ಟೆಲ್ಲ ನಮ್ಮ ಬಗಲಲ್ಲೇ ಇದೆ. ಸಾಲಿಯ ಚಿತ್ರಕಲೆ ಪಿರಿಯಡ್‌ನಲ್ಲಿ ಮಾತ್ರ ಹುಡುಗರು ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ ಬರೆಯುತ್ತಾರೆ. ತೆಂಗಿನಮರ ಕುಷ್ಟಗಿಯ ಎರೆಹೊಲದಲ್ಲಿ ಎಲ್ಲಿಂದ ಬಂತೋ! ಅದೂ ಪಿರಿಯಡ್ ಇದ್ದರೆ. ಎಷ್ಟೋ ಕಡೆ ಅದನ್ನು ಗಣಿತ ನುಂಗಿರುತ್ತದೆ. ಕೇಳಿದರೆ, “ಡ್ರಾಯಿಂಗ್ ಪರೀಕ್ಷಾದಾಗ ಬರ್ತೈತೇನ್ರಿ?”

ನಾವು ಹೇಳುವ ಕೆಲಸಕ್ಕೆ ಖರ್ಚಿಲ್ಲ. ತೆಳುವಾದ ಹಾಳೆ, ಮೇಣದ ಬಣ್ಣದ ಕಡ್ಡಿ ಅಥವಾ ಮೆತ್ತನೆಯ ಪೆನ್ಸಿಲ್ ಸಾಕು. ಹಾಳೆಯನ್ನು ಮರದ ಮೇಲೋ ಬುಟ್ಟಿಯ ಮೇಲೋ ಬಿಗಿಯಾಗಿ ಹಿಡಿದು, ಕಡ್ಡಿಯನ್ನು ಅಡ್ಡ ಮಲಗಿಸಿ ಹಗುರಾಗಿ ತಿಕ್ಕಬೇಕು. ಉಬ್ಬಿದ್ದು ಕಪ್ಪಾಗುತ್ತದೆ, ತಗ್ಗು ಬಿಳಿಯಾಗಿ ಉಳಿಯುತ್ತದೆ. ರೂಪಾಯಿ ನಾಣ್ಯದ ಮೇಲೆ ನಾವೆಲ್ಲ ಚಿಕ್ಕವರಿದ್ದಾಗ ಮಾಡಿದ್ದು ಇದನ್ನೇ. ಬೇವಿನ ತೊಗಟೆ, ಮೊರ, ಹಳೇ ಬಾಗಿಲ ಕೆತ್ತನೆ, ಬೀಸುಕಲ್ಲಿನ ಕಚ್ಚು, ಗಂಗಾವತಿ ಕಡೆ ಭತ್ತ ತುಂಬುವ ಗೋಣಿಚೀಲ, ಆಲದೆಲೆಯ ನರ: ಒಂದೊಂದರ ಮೈ ಒಂದೊಂದು ಥರ. ತೆಗೆದದ್ದನ್ನು ಕತ್ತರಿಸಿ ಅಂಟಿಸಿದರೆ ತೊಗಟೆಯೇ ಎತ್ತಿನ ಮೈಯಾಗುತ್ತದೆ, ಮೊರವೇ ಗುಡಿಸಲಿನ ಗೋಡೆ. ಇದು ಹುಡುಗಾಟ ಅನ್ನುವವರಿಗೆ ಒಂದು ಮಾತು: ಜರ್ಮನಿಯ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಹಲಗೆ ನೆಲದ ಗೆರೆಗಳ ಮೇಲೆ ಹಾಳೆ ಇಟ್ಟು ತಿಕ್ಕಿಯೇ ಜಗತ್ತು ಮೆಚ್ಚುವ ಚಿತ್ರ ಮಾಡಿದ.

ಶಾಸನ ಓದುವವರು ಮಾಡುವುದೂ ಇದರ ಅಣ್ಣನಂಥ ಕೆಲಸ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸುತ್ತಾರೆ. ಸ್ವಲ್ಪ ಆರಿದ ಮೇಲೆ ಮಸಿ ಅದ್ದಿದ ಬಟ್ಟೆಯ ಗುಬ್ಬಿಯಿಂದ ಒತ್ತುತ್ತಾರೆ. ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಏಳುತ್ತದೆ, ಮಸಿ ಕಲ್ಲಿಗೆ ತಾಗುವುದಿಲ್ಲ. ಅದಕ್ಕೇ ಪಡಿಯಚ್ಚು ಅನ್ನುವುದು.

“ಮೊಬೈಲ್‌ನಾಗ ಫೋಟೋ ಹೊಡದ್ರ ಮುಗೀತಲ್ರಿ” ಅನ್ನುತ್ತೀರಿ. ಹೊಡೆಯಿರಿ, ಅದೂ ಬೇಕು. ಆದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಪಡಿಯಚ್ಚಿನಲ್ಲಿ ಅಕ್ಷರ ಇದ್ದ ಅಳತೆಯಲ್ಲೇ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಬೆರಳಿನಿಂದ ತಡವಿ ಮೈ ಗುರುತಿಸಲು ಕಲಿತ ಹುಡುಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಷರ ಇದ್ದರೆ ಹಿಡಿಯುತ್ತಾಳೆ. ಫೋಟೋ ಹೊಡೆದು ಸ್ಟೇಟಸ್ ಹಾಕಿ ಹೋಗುವವರು ಹಿಡಿಯುವುದಿಲ್ಲ.

ಒಂದು ಎಚ್ಚರ. ಗವಿಮಠ, ಪಾಲ್ಕಿಗುಂಡು, ಇಟಗಿ ಸಂರಕ್ಷಿತ ಜಾಗಗಳು. ಅಲ್ಲಿ ಹಾಳೆ, ಬಣ್ಣ ಏನೂ ಒಯ್ಯಬೇಡಿ. ಊರಿನ ಶಾಸನವಾದರೂ ಹಕ್ಕಳೆ ಏಳುವ ಕಲ್ಲಿದ್ದರೆ ಮಕ್ಕಳಿಂದ ತಿಕ್ಕಿಸಬೇಡಿ, ಬಲ್ಲವರನ್ನು ಕರೆಸಿ. ಹಂಪಿ ಕನ್ನಡ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಶಾಸನಗಳದ್ದೇ ಒಂದು ಸಂಪುಟ ತಂದಿದೆ. ನಿಮ್ಮೂರ ಕಲ್ಲು ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಬರೆಯಿರಿ, ಪಂಚಾಯ್ತಿ ಸೀಲು ಹಾಕಿಸಿ.

ಬರುವ ಎಸ್‌ಡಿಎಂಸಿ ಸಭೆಗೆ ಹೋದಾಗ ಎರಡೇ ಪ್ರಶ್ನೆ ಕೇಳಿ. ವಾರಕ್ಕೆ ಚಿತ್ರಕಲೆ ಪಿರಿಯಡ್ ಎಷ್ಟು? ಹೋದ ವಾರ ಆ ಹೊತ್ತಿನಲ್ಲಿ ಮಕ್ಕಳು ಏನು ಮಾಡಿದರು? ಉತ್ತರ ಬರೆದುಕೊಂಡು ನಮಗೆ ಕಳಿಸಿ, ಊರಿನ ಹೆಸರು ಸಮೇತ ಹಾಕುತ್ತೇವೆ.